ಹಳೆಯ ಲ್ಯಾಪ್‌ಟಾಪಿಗೆ ಹೊಸ ಡಿಸ್ಕ್, ಹೆಚ್ಚುವರಿ ರ‍್ಯಾಮ್: ಲ್ಯಾಮಿಂಗ್ಟನ್ ರಸ್ತೆಗೆ ಹೋಗುವ ಮುನ್ನ

ಮುಂಬಯಿಯ ಕನ್ನಡಿಗರ ಬಹಳಷ್ಟು ಮನೆಗಳಲ್ಲಿ ಒಂದೇ ಲ್ಯಾಪ್‌ಟಾಪ್ ಮಕ್ಕಳ ಪ್ರಾಜೆಕ್ಟಿಗೂ ಬ್ಯಾಂಕಿನ ವ್ಯವಹಾರಕ್ಕೂ ಊರಿನ ಜಮೀನಿನ ಪಹಣಿ ತೆಗೆಯುವುದಕ್ಕೂ ಸಂಘದ ವಾರ್ಷಿಕೋತ್ಸವದ ಆಮಂತ್ರಣ ಪತ್ರಿಕೆ ಸಿದ್ಧಪಡಿಸುವುದಕ್ಕೂ ಬಳಕೆಯಾಗುತ್ತದೆ. ಅದು ಚಾಲೂ ಆಗಲು ನಾಲ್ಕೈದು ನಿಮಿಷ ತೆಗೆದುಕೊಳ್ಳತೊಡಗಿದೊಡನೆ ಹೊಸದನ್ನು ಕೊಳ್ಳುವ ಮಾತು ಏಳುತ್ತದೆ. 2018ರ ನಂತರ ಕೊಂಡ ಯಂತ್ರವಾಗಿದ್ದು, ಅದರೊಳಗೆ ಇನ್ನೂ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ, ಹೊಸ ಲ್ಯಾಪ್‌ಟಾಪಿನ ಅಗತ್ಯ ಬಹುಮಟ್ಟಿಗೆ ಇರುವುದಿಲ್ಲ. ಒಂದು ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ ವೇಗದ ಡಿಸ್ಕ್), ಬೇಕಾದರೆ ಒಂದು ರ‍್ಯಾಮ್ (ಕೆಲಸ ನಡೆಯುವಾಗ ಬಳಕೆಯಾಗುವ ತಾತ್ಕಾಲಿಕ ಮೆಮೊರಿ) ಹಾಕಿಸಿದರೆ ಅದು ಇನ್ನೂ ಕೆಲವು ವರ್ಷ ದುಡಿಯುತ್ತದೆ. ಆದರೆ ಈ ಕೆಲಸದ ಮುಖ್ಯ ಭಾಗ ಮುಂಬಯಿಯ ಕಂಪ್ಯೂಟರ್ ಬಿಡಿಭಾಗಗಳ ಮಾರುಕಟ್ಟೆಯಾದ ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಯಲ್ಲಿ ಅಲ್ಲ, ಹೊರಡುವ ಮೊದಲು ಮನೆಯಲ್ಲೇ ಮುಗಿಯಬೇಕು.

ಮೊದಲು ನಿಧಾನಕ್ಕೆ ಕಾರಣವೇನೆಂದು ಪತ್ತೆಹಚ್ಚಬೇಕು. ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಅದರ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಡಿಸ್ಕ್ ಎಂಬಲ್ಲಿ ಎಚ್‌ಡಿಡಿ (ಅಂದರೆ ಹಾರ್ಡ್ ಡಿಸ್ಕ್) ಎಂದು ಬರೆದಿದ್ದು, ನೀವು ಏನೂ ಮಾಡದಿದ್ದಾಗಲೂ ಬಳಕೆ ಶೇ 100ರ ಹತ್ತಿರವೇ ನಿಂತಿದ್ದರೆ, ದೋಷ ಡಿಸ್ಕಿನದು. ಬದಲಿಗೆ ಬ್ರೌಸರ್ ಮತ್ತು ವರ್ಡ್ ತೆರೆದಾಗ ಮೆಮೊರಿ ಶೇ 85-90 ತುಂಬುತ್ತಿದ್ದರೆ ಕೊರತೆ ರ‍್ಯಾಮಿನದು. ಅದೇ ಮೆಮೊರಿ ಪುಟದಲ್ಲಿ ಎಷ್ಟು ಸ್ಲಾಟ್ ಬಳಕೆಯಲ್ಲಿವೆ ಎಂಬುದೂ ತಿಳಿಯುತ್ತದೆ. ಫಾರ್ಮ್ ಫ್ಯಾಕ್ಟರ್ ಎಂಬಲ್ಲಿ ‘ರೋ ಆಫ್ ಚಿಪ್ಸ್’ ಎಂದಿದ್ದರೆ ಆ ರ‍್ಯಾಮ್ ಮದರ್‌ಬೋರ್ಡಿಗೆ (ಯಂತ್ರದ ಮುಖ್ಯ ಸರ್ಕ್ಯೂಟ್ ಫಲಕಕ್ಕೆ) ಬೆಸುಗೆಯಾಗಿದೆ ಎಂದರ್ಥ. ಅದನ್ನು ಬದಲಿಸಲಾಗದು, ಪಕ್ಕದಲ್ಲಿ ಖಾಲಿ ಸ್ಲಾಟ್ ಇದ್ದರೆ ಮಾತ್ರ ಹೆಚ್ಚಿಸಬಹುದು.

ಎರಡನೆಯದಾಗಿ, ಯಂತ್ರ ಹಣ ಹಾಕಲು ತಕ್ಕದ್ದೇ ಎಂದು ನೋಡಬೇಕು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಪ್ರೊಸೆಸರ್ ಇಂಟೆಲ್‌ನದಾದರೆ ಸಾಮಾನ್ಯವಾಗಿ ಎಂಟನೆಯ ತಲೆಮಾರಿನದೋ ನಂತರದ್ದೋ ಆಗಿರಬೇಕು. ಐ5-8250 ಎಂದು ಬರೆದಿದ್ದರೆ 8 ಎಂಬುದೇ ತಲೆಮಾರು. ಐ5-7200 ಎಂದಿದ್ದರೆ ಅದು ಏಳನೆಯದು. ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಎಂಬ ಉಚಿತ ಆ್ಯಪ್ ಇದನ್ನು ಒಂದೇ ನಿಮಿಷದಲ್ಲಿ ಹೇಳಿಬಿಡುತ್ತದೆ. ಯಂತ್ರ ಅದಕ್ಕೂ ಹಳೆಯದಾದರೆ ವಿಂಡೋಸಿನ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿಕೊಳ್ಳಲು ಸಿದ್ಧರಿರುವವರು ಮಾತ್ರ ಹಣ ಹಾಕುವುದು ಸರಿ ಎಂಬುದು ನನ್ನ ಅಭಿಪ್ರಾಯ. ಬ್ಯಾಂಕಿನ ವ್ಯವಹಾರ ನಡೆಯುವ ಯಂತ್ರ ಭದ್ರತಾ ಅಪ್‌ಡೇಟ್ ಇಲ್ಲದೆ ಇರಬಾರದು.

ಯಾವ ಎಸ್‌ಎಸ್‌ಡಿ, ಯಾವ ರ‍್ಯಾಮ್?

ಲ್ಯಾಪ್‌ಟಾಪಿನ ಬೆನ್ನಿಗೆ ಅಂಟಿಸಿರುವ ಚೀಟಿಯ ಫೋಟೊ ತೆಗೆದಿಟ್ಟುಕೊಳ್ಳಿ. ‘ಇನ್ಸ್ಪಿರಾನ್ 15’ ಎಂದಷ್ಟೇ ಹೇಳಿದರೆ ಯಾರಿಗೂ ಏನೂ ತಿಳಿಯದು. ಪೂರ್ಣ ಮಾದರಿ ಸಂಖ್ಯೆ ಬೇಕು. ಅದನ್ನು ತಯಾರಕರ ಜಾಲತಾಣದಲ್ಲಿ ಹಾಕಿ ಸರ್ವಿಸ್ ಮ್ಯಾನುವಲ್ ತೆರೆದರೆ ಒಳಗೆ ಯಾವ ಸ್ಲಾಟುಗಳಿವೆ ಎಂಬುದು ಚಿತ್ರಸಹಿತ ಸಿಗುತ್ತದೆ.

ಎಸ್‌ಎಸ್‌ಡಿಯಲ್ಲಿ ಮುಖ್ಯವಾಗಿ ಎರಡು ಆಕಾರಗಳಿವೆ. 2.5 ಇಂಚಿನ ಸಾಟಾ ಡಿಸ್ಕ್ ಹಳೆಯ ಹಾರ್ಡ್ ಡಿಸ್ಕಿನ ಜಾಗದಲ್ಲೇ ಕೂರುತ್ತದೆ. ಚೂಯಿಂಗ್ ಗಮ್ ಪಟ್ಟಿಯಂತೆ ಕಾಣುವ ಎಂ.2 ಕಾರ್ಡಿಗೆ ಬೇರೆಯೇ ಸ್ಲಾಟ್ ಬೇಕು. ಹೆಚ್ಚು ಗೊಂದಲವಾಗುವುದು ಎಂ.2 ವಿಷಯದಲ್ಲಿ: ಹೊರಗಿನಿಂದ ಹೆಚ್ಚುಕಡಿಮೆ ಒಂದೇ ರೀತಿ ಕಂಡರೂ ಕೆಲವು ಸಾಟಾ (ಡಿಸ್ಕ್ ಜೋಡಿಸುವ ಹಳೆಯ ವಿಧಾನ), ಕೆಲವು ಎನ್‌ವಿಎಂಇ (ಅದಕ್ಕಿಂತ ವೇಗದ ಹೊಸ ವಿಧಾನ), ಮತ್ತು ಕೆಲವು ಲ್ಯಾಪ್‌ಟಾಪುಗಳ ಸ್ಲಾಟ್ ಇವೆರಡರಲ್ಲಿ ಒಂದನ್ನು ಮಾತ್ರ ಒಪ್ಪಿಕೊಳ್ಳುತ್ತದೆ. ಸಾಟಾ ಡಿಸ್ಕ್ ಸೆಕೆಂಡಿಗೆ ಸುಮಾರು 550 ಎಂಬಿ ಓದಿದರೆ, ಮೂರನೆಯ ತಲೆಮಾರಿನ ಉತ್ತಮ ಎನ್‌ವಿಎಂಇ 3,500 ಎಂಬಿವರೆಗೂ ಹೋಗುತ್ತದೆ. ಆದರೆ ಹಾರ್ಡ್ ಡಿಸ್ಕಿನ ವೇಗ 100 ಎಂಬಿಯ ಆಸುಪಾಸಿನದಾದ್ದರಿಂದ, ಅದರಿಂದ ಸಾಟಾಕ್ಕೆ ಬಂದರೂ ಮನೆಯ ಕೆಲಸದಲ್ಲಿ ಅಂತರ ಢಾಳಾಗಿ ತಿಳಿಯುತ್ತದೆ. ಯಂತ್ರದಲ್ಲಿ ಖಾಲಿ ಎಂ.2 ಸ್ಲಾಟ್ ಇದ್ದರೆ ವಿಂಡೋಸನ್ನು ಅದರ ಮೇಲೆ ಹಾಕಿಸಿ, ಹಳೆಯ ಹಾರ್ಡ್ ಡಿಸ್ಕನ್ನು ಫೋಟೊ, ವಿಡಿಯೊ ಇಡಲು ಒಳಗೇ ಉಳಿಸಿಕೊಳ್ಳಬಹುದು. 512 ಜಿಬಿ ಹೆಚ್ಚಿನವರಿಗೆ ಸಾಕು.

ರ‍್ಯಾಮ್ ಕೊಳ್ಳುವಾಗ ಡಿಡಿಆರ್3, ಡಿಡಿಆರ್4, ಡಿಡಿಆರ್5 ಎಂಬ ಅದರ ತಲೆಮಾರುಗಳು ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ ಎಂಬುದು ನೆನಪಿರಲಿ. ಲ್ಯಾಪ್‌ಟಾಪಿನದು ಸೋಡಿಮ್ ಎಂಬ ಚಿಕ್ಕ ಪಟ್ಟಿ. ಒಟ್ಟು 8 ಜಿಬಿ ಕನಿಷ್ಠ, 16 ಜಿಬಿ ನೆಮ್ಮದಿ. 2025ರ ಕೊನೆಯಿಂದ ರ‍್ಯಾಮಿನ ಬೆಲೆ ಬಹಳ ಏರಿರುವುದರಿಂದ, ಕೈಯಲ್ಲಿರುವ ಹಣ ಒಂದಕ್ಕೆ ಮಾತ್ರ ಸಾಲುವಂತಿದ್ದರೆ ಮೊದಲು ಎಸ್‌ಎಸ್‌ಡಿ ಹಾಕಿಸಿ.

ಯಂತ್ರ ಬಿಚ್ಚುವ ಮುನ್ನ

ಈ ಹಂತವನ್ನು ದಯವಿಟ್ಟು ಯಾರೂ ಅವಸರದಲ್ಲಿ ದಾಟಬಾರದು. ಎಲ್ಲ ಕಡತಗಳನ್ನೂ ಹೊರಗಿನ ಡಿಸ್ಕಿಗೆ ನಕಲು ಮಾಡಿ, ಆ ನಕಲನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ. ಡಿಸ್ಕ್ ಬಿಟ್‌ಲಾಕರ್ ಎಂಬ ವಿಂಡೋಸಿನ ಭದ್ರತಾ ವ್ಯವಸ್ಥೆಯಿಂದ ಗೂಢಲಿಪೀಕರಣಗೊಂಡಿದ್ದರೆ ಅದರ ರಿಕವರಿ ಕೀಯನ್ನು ಮೈಕ್ರೋಸಾಫ್ಟ್ ಖಾತೆಯಿಂದ ತೆಗೆದು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಆ 48 ಅಂಕಿಗಳಿಲ್ಲದೆ ಹಳೆಯ ಡಿಸ್ಕಿನಲ್ಲಿರುವುದು ಮುಂದೆ ಯಾರ ಕೈಗೂ ಸಿಗದಂತಾಗಬಹುದು.

ಕನ್ನಡದ ಬರಹಗಳ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು, ಅಂಗಡಿಯವರು ಅದನ್ನು ನೆನಪಿಸುವುದಿಲ್ಲ. ಸಂಘಗಳ ಸ್ಮರಣ ಸಂಚಿಕೆ, ನಡಾವಳಿ, ಯಕ್ಷಗಾನದ ಕರಪತ್ರ ಮುಂತಾದ ಹಳೆಯ ಕಡತಗಳು ಎಷ್ಟೋ ಕಡೆ ‘ನುಡಿ’ ಅಥವಾ ‘ಬರಹ’ ತಂತ್ರಾಂಶಗಳ, ಯೂನಿಕೋಡ್ (ಎಲ್ಲ ಯಂತ್ರಗಳಿಗೂ ಸಮಾನವಾದ ಅಕ್ಷರ ಸಂಕೇತ) ಅಲ್ಲದ ಫಾಂಟುಗಳಲ್ಲಿವೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಹೊಸದಾಗಿ ವಿಂಡೋಸ್ ಹಾಕಿಸುವುದಾದರೆ ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರಿನಿಂದ ಈ ಫಾಂಟುಗಳನ್ನೂ ಕಡತಗಳ ಜೊತೆಗೇ ನಕಲು ಮಾಡಿಕೊಳ್ಳಿ. ಸಾಧ್ಯವಾದರೆ ಮುಖ್ಯ ಬರಹಗಳನ್ನು ಈ ಸಂದರ್ಭದಲ್ಲೇ ಯೂನಿಕೋಡಿಗೆ ಪರಿವರ್ತಿಸಿಡಿ. ದಶಕಗಳ ದಾಖಲೆ ಒಂದು ಫಾಂಟಿನ ಕೊರತೆಯಿಂದ ಓದಲಾಗದಂತಾಗುವುದು ನಿಜಕ್ಕೂ ನೋವಿನ ಸಂಗತಿ.

ಹೋಟೆಲಿನ ಕ್ಯಾಶ್ ಕೌಂಟರಿನಲ್ಲಿರುವ ಬಿಲ್ಲಿಂಗ್ ಕಂಪ್ಯೂಟರಾದರೆ, ತಂತ್ರಾಂಶ ಕೊಟ್ಟವರನ್ನು ಕೇಳದೆ ಡಿಸ್ಕ್ ಬದಲಿಸಬಾರದು. ಕೆಲವು ತಂತ್ರಾಂಶಗಳ ಲೈಸನ್ಸ್ ಆ ಡಿಸ್ಕಿಗೇ ಕಟ್ಟಿಕೊಂಡಿರುತ್ತದೆ.

ಮಾರುಕಟ್ಟೆಯಲ್ಲಿ

ಲ್ಯಾಮಿಂಗ್ಟನ್ ರಸ್ತೆಯ ಅಧಿಕೃತ ಹೆಸರು ಡಾ. ದಾದಾಸಾಹೇಬ್ ಭಡಕಮ್ಕರ್ ಮಾರ್ಗ. ಪಶ್ಚಿಮ ರೈಲ್ವೆಯ ಗ್ರಾಂಟ್ ರೋಡ್ ನಿಲ್ದಾಣದಲ್ಲಿ ಇಳಿದು ಪೂರ್ವ ದಿಕ್ಕಿಗೆ ನಡೆದರೆ ಕೆಲವೇ ನಿಮಿಷಗಳ ದಾರಿ. ಮಧ್ಯ ರೈಲ್ವೆಯಲ್ಲಿ ಬರುವವರು ದಾದರಿನಲ್ಲಿ ಬದಲಿಸಿ ಸ್ಲೋ ಲೋಕಲ್ ಹಿಡಿಯಬೇಕು. ಭಾನುವಾರ ಬಹುಪಾಲು ಅಂಗಡಿಗಳು ಮುಚ್ಚಿರುವುದರಿಂದ ವಾರದ ದಿನವೇ ಹೋಗುವುದು ಮೇಲು.

ಒಂದೇ ಮಾದರಿಯ ಬೆಲೆಯನ್ನು ಮೂರು ನಾಲ್ಕು ಅಂಗಡಿಗಳಲ್ಲಿ ಕೇಳಿ, ಆನ್‌ಲೈನ್ ಬೆಲೆಯೊಂದಿಗೆ ಹೋಲಿಸಿ ನೋಡಿ. ‘ಬಿಲ್ ಬೇಡವಾದರೆ ಕಡಿಮೆಗೆ ಕೊಡುತ್ತೇವೆ’ ಎಂಬ ಮಾತಿಗೆ ಒಪ್ಪಬೇಡಿ. ಶೇ 18ರ ಜಿಎಸ್‌ಟಿ ಉಳಿಯಿತೆಂದು ಕಂಡರೂ ಎಸ್‌ಎಸ್‌ಡಿಗೆ ಮೂರು ಅಥವಾ ಐದು ವರ್ಷಗಳ ವಾರಂಟಿ ಇರುವಾಗ, ಸೀರಿಯಲ್ ಸಂಖ್ಯೆ ನಮೂದಿಸಿದ ಬಿಲ್ ಇಲ್ಲದೆ ಅದನ್ನು ಕೇಳುವ ಹಕ್ಕೇ ದುರ್ಬಲವಾಗುತ್ತದೆ. ಡಬ್ಬಿಯ ಸೀಲ್ ನಿಮ್ಮೆದುರೇ ಒಡೆಯಲಿ, ಡಬ್ಬಿಯ ಮೇಲಿನ ಮತ್ತು ಡಿಸ್ಕಿನ ಮೇಲಿನ ಸೀರಿಯಲ್ ಸಂಖ್ಯೆ ಒಂದೇ ಆಗಿರಲಿ.

ಜೋಡಿಸಿಕೊಡುವ ಕೆಲಸವನ್ನು ಅಂಗಡಿಯವರಿಗೇ ವಹಿಸುವುದಾದರೆ ಎದುರಿಗೆ ಕುಳಿತು ಮಾಡಿಸಿ. ಹಳೆಯ ಡಿಸ್ಕನ್ನು ಇದ್ದಂತೆಯೇ ಹೊಸದಕ್ಕೆ ಕ್ಲೋನ್ ಮಾಡಿಸಬಹುದು. ಯಂತ್ರದಲ್ಲಿ ವರ್ಷಗಳ ಕಸ ತುಂಬಿದ್ದರೆ ಹೊಸದಾಗಿ ವಿಂಡೋಸ್ ಹಾಕಿಸುವುದು ಉತ್ತಮ. ಕಂಪನಿಯಿಂದಲೇ ವಿಂಡೋಸ್ ಸಮೇತ ಬಂದ ಲ್ಯಾಪ್‌ಟಾಪಿನ ಲೈಸನ್ಸ್ ಮದರ್‌ಬೋರ್ಡಿಗೆ ಸೇರಿದ್ದು. ಡಿಸ್ಕ್ ಬದಲಾದರೂ ಅದೇ ಎಡಿಷನ್ (ಹೋಮ್ ಅಥವಾ ಪ್ರೊ) ಹಾಕಿ ಇಂಟರ್‌ನೆಟ್ಟಿಗೆ ಜೋಡಿಸಿದರೆ ತಾನಾಗಿ ಸಕ್ರಿಯವಾಗುತ್ತದೆ. ಆದ್ದರಿಂದ ಹೊಸ ಲೈಸನ್ಸಿಗೆಂದು ಹಣ ಕೊಡಬೇಕಾಗಿಲ್ಲ, ‘ಕ್ರ್ಯಾಕ್’ ಮಾಡಿದ (ಲೈಸನ್ಸ್ ಇಲ್ಲದ ನಕಲಿ) ವಿಂಡೋಸನ್ನು ಖಂಡಿತ ಹಾಕಿಸಿಕೊಳ್ಳಬಾರದು.

ಎದ್ದು ಬರುವ ಮುನ್ನ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಡಿಸ್ಕ್ ಎಷ್ಟು ಗಂಟೆ ಚಾಲನೆಯಲ್ಲಿತ್ತು ಎಂಬುದನ್ನು ನೋಡಿ. ಹೊಸದಾದರೆ ಅದು ಸೊನ್ನೆಯ ಹತ್ತಿರ ಇರಬೇಕು. ನೂರಾರು ಗಂಟೆ ತೋರಿಸಿದರೆ ಅದು ಬಳಸಿದ ಮಾಲು, ಅಲ್ಲೇ ಹಿಂದಿರುಗಿಸಿ. ಟಾಸ್ಕ್ ಮ್ಯಾನೇಜರಿನಲ್ಲಿ ಹೊಸ ರ‍್ಯಾಮ್ ಪೂರ್ತಿ ಕಾಣುತ್ತಿದೆಯೇ, ವೈಫೈ, ಕೀಬೋರ್ಡ್, ಕ್ಯಾಮೆರಾ ಮೊದಲಿನಂತೆ ನಡೆಯುತ್ತಿವೆಯೇ ಎಂದೂ ಪರೀಕ್ಷಿಸಿ.

ಯಂತ್ರ ಬಿಚ್ಚಿದಾಗ ಬ್ಯಾಟರಿಯ ಕಡೆಗೂ ಕಣ್ಣು ಹಾಯಿಸಬೇಕು. ಅದು ಉಬ್ಬಿದ್ದರೆ, ಅಥವಾ ಅದರ ಒತ್ತಡಕ್ಕೆ ಟಚ್‌ಪ್ಯಾಡ್ ಮೇಲೆದ್ದಿದ್ದರೆ, ಚಾರ್ಜ್ ಮಾಡುವುದನ್ನು ನಿಲ್ಲಿಸಿ ತಕ್ಷಣ ಬದಲಿಸಿ. ಬೆಂಕಿಯ ಅಪಾಯ ನಿಜವಾದದ್ದು. ಬದಲಿ ಚಾರ್ಜರಿನ ವೋಲ್ಟೇಜ್ ಹಳೆಯದರಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಇರಲಿ ಅಥವಾ ಹೆಚ್ಚಿರಲಿ, ಮೈಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ಗುರುತು ಇರಲಿ.

ಹೊರತೆಗೆದ ಹಾರ್ಡ್ ಡಿಸ್ಕನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿ. ಅದರಲ್ಲಿ ನಿಮ್ಮ ಆಧಾರ್, ಪ್ಯಾನ್, ಬ್ಯಾಂಕ್ ಸ್ಟೇಟ್‌ಮೆಂಟ್‌ಗಳ ಪ್ರತಿಗಳಿರುತ್ತವೆ, ಡಿಲೀಟ್ ಮಾಡಿದ ಕಡತಗಳನ್ನೂ ಮರಳಿ ತೆಗೆಯಲು ಬರುತ್ತದೆ. ಒಂದು ಯುಎಸ್‌ಬಿ ಕೇಸಿಂಗ್ ಕೊಂಡು ಅದನ್ನೇ ಬ್ಯಾಕಪ್ ಡಿಸ್ಕಾಗಿ ಬಳಸಿಕೊಳ್ಳಬಹುದು. ಬೇಡವೆಂದಾದರೆ ಕ್ವಿಕ್ ಫಾರ್ಮ್ಯಾಟ್ ಅಲ್ಲದೆ ಪೂರ್ಣ ಫಾರ್ಮ್ಯಾಟ್ ಮಾಡಿ, ಆಮೇಲೆ ಅಧಿಕೃತ ಇ-ತ್ಯಾಜ್ಯ ಸಂಗ್ರಹದವರಿಗೆ ಕೊಡಿ.