ಗೇಮ್ ಡಿಸೈನ್‌ನಲ್ಲಿ ಸ್ನಾತಕೋತ್ತರ ಪದವಿ: ಅರ್ಜಿಗೆ ಮೊದಲು ಒಂದು ಆಟ ಕಟ್ಟಿ

ವಿಡಿಯೊ ಗೇಮ್ ಡಿಸೈನ್‌ನಲ್ಲಿ ಸ್ನಾತಕೋತ್ತರ ಪದವಿ ಮಾಡಬೇಕೆನ್ನುವವರನ್ನು ಕಾರಣ ಕೇಳಿ ನೋಡಿ. ಬಹಳಷ್ಟು ಮಂದಿ ತಾವು ಆಡಿದ ಆಟಗಳ ಪಟ್ಟಿ ಒಪ್ಪಿಸುತ್ತಾರೆ. ಆಡುವುದು ಒಂದು ವಿದ್ಯೆ, ಆಡಿಸುವುದು ಬೇರೆಯೇ ವಿದ್ಯೆ. ಪ್ರವೇಶ ಸಮಿತಿ ಹುಡುಕುವುದು ಎರಡನೆಯದನ್ನು. ಹಾಗಾಗಿ ಅರ್ಜಿ ತುಂಬುವುದಕ್ಕೆ ಆರೆಂಟು ತಿಂಗಳು ಮೊದಲೇ ತಯಾರಿ ಶುರುವಾದರೆ ಒಳ್ಳೆಯದು.

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳಿ

‘ಗೇಮ್’ ಎಂಬ ಪದವಿರುವ ಕೋರ್ಸ್‌ಗಳೆಲ್ಲ ಒಂದೇ ಅಲ್ಲ. ಕೋಡ್ ಬರೆಯುವವರು ಪ್ರೋಗ್ರಾಮರ್‌ಗಳು. ಪಾತ್ರ, ದೃಶ್ಯ ಬಿಡಿಸುವವರು ಕಲಾವಿದರು. ಆಟಗಾರ ಯಾವಾಗ ಏನು ಮಾಡಬಹುದು, ಮಾಡಿದರೆ ಏನಾಗುತ್ತದೆ ಎಂದು ನಿಯಮ ಹೆಣೆಯುವುದು ಡಿಸೈನರ್ ಕೆಲಸ. ಎಂ.ಎಸ್ಸಿ. ಎಂದಿದ್ದರೆ ಸಾಮಾನ್ಯವಾಗಿ ಪ್ರೋಗ್ರಾಮಿಂಗ್ ಕಡೆಗೆ, ಎಂ.ಎಫ್.ಎ. (ಮಾಸ್ಟರ್ ಆಫ್ ಫೈನ್ ಆರ್ಟ್ಸ್) ಎಂದಿದ್ದರೆ ವಿನ್ಯಾಸದ ಕಡೆಗೆ ವಾಲಿರುತ್ತದೆ. ಆದರೂ ಹೆಸರು ನಂಬಿ ಕೂರಬೇಡಿ, ಸೆಮಿಸ್ಟರ್‌ವಾರು ಪಠ್ಯಕ್ರಮ ತೆರೆದು ನೋಡಿ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಎಂಟರ್‌ಟೈನ್‌ಮೆಂಟ್ ಟೆಕ್ನಾಲಜಿ ಸೆಂಟರ್‌ನಲ್ಲಿ ಕಲಾವಿದರನ್ನೂ ಪ್ರೋಗ್ರಾಮರ್‌ಗಳನ್ನೂ ಒಂದೇ ತಂಡಕ್ಕೆ ಹಾಕಿ ಪ್ರಾಜೆಕ್ಟ್ ಮಾಡಿಸುತ್ತಾರೆ. ಒಂಟಿಯಾಗಿ ಕೆಲಸ ಮಾಡುವ ಸ್ವಭಾವದವರಿಗೆ ಅದು ಒಗ್ಗದೆಯೂ ಹೋಗಬಹುದು.

ಆಮೇಲೆ, ಕಾಗದದ ಮೇಲೊಂದು ಆಟ

ಕಂಪ್ಯೂಟರ್ ಸದ್ಯಕ್ಕೆ ಬೇಡ. ಹಾವು-ಏಣಿ ಆಟ ತೆಗೆದುಕೊಳ್ಳಿ. ಅದರಲ್ಲಿ ಆಟಗಾರ ಏನನ್ನೂ ನಿರ್ಧರಿಸುವುದಿಲ್ಲ. ದಾಳ ಹೇಳಿದಷ್ಟು ಮನೆ ನಡೆಯುತ್ತಾನೆ, ಅಷ್ಟೆ. ಒಂದು ನಿಯಮ ಬದಲಿಸಿ: ಎರಡು ದಾಳ ಎಸೆದು, ಒಂದನ್ನು ಆರಿಸಿಕೊಂಡು ನಡೆಯಬೇಕು. ಈಗ ಯೋಚನೆಗೆ ಜಾಗ ಬಂತು. ಆದರೆ ನಾಲ್ಕು ಸಲ ಆಡಿಸುವಷ್ಟರಲ್ಲಿ ಹೊಸ ತೊಂದರೆ ಕಾಣುತ್ತದೆ. ತಪ್ಪಿಸಿಕೊಳ್ಳುವುದು ಸುಲಭವಾಗಿ ಹಾವಿನ ಹೆದರಿಕೆಯೇ ಹೊರಟುಹೋಗಿರುತ್ತದೆ.

ಇನ್ನೊಂದು ನಿಯಮ ಸೇರಿಸಿ: ನೀವು ಆರಿಸದೆ ಬಿಟ್ಟ ದಾಳದಷ್ಟು ಮನೆ ಎದುರಾಳಿಯ ಕಾಯಿ ನಡೆಯಬೇಕು. ನಾನು ಏಣಿ ಹತ್ತಲು ಹೋದರೆ ಅವನಿಗೂ ಏಣಿ ಸಿಕ್ಕಿಬಿಡುತ್ತದೆಯೇ? ನಾನು ಎರಡೇ ಮನೆ ನಡೆದು ಅವನನ್ನು ಹಾವಿನ ಬಾಯಿಗೆ ತಳ್ಳಲೇ? ಸುಮ್ಮನೆ ದಾಳ ಕುಲುಕುತ್ತಿದ್ದವರು ಲೆಕ್ಕ ಹಾಕತೊಡಗುತ್ತಾರೆ, ಜಗಳವನ್ನೂ ಆಡುತ್ತಾರೆ. ಚೌಕದಲ್ಲಿ ಒಂದು ಗೆರೆಯೂ ಬದಲಾಗಿಲ್ಲ, ಆಟ ಮಾತ್ರ ಬೇರೆಯಾಗಿದೆ.

ರಾಬಿನ್ ಹುನಿಕೆ, ಮಾರ್ಕ್ ಲೆಬ್ಲಾಂಕ್, ರಾಬರ್ಟ್ ಜುಬೆಕ್ 2004ರಲ್ಲಿ ಮಂಡಿಸಿದ ‘ಎಂಡಿಎ’ (ಮೆಕ್ಯಾನಿಕ್ಸ್, ಡೈನಾಮಿಕ್ಸ್, ಈಸ್ತೆಟಿಕ್ಸ್) ಚೌಕಟ್ಟಿನ ತಿರುಳೂ ಇದೇ: ನಿಯಮದಿಂದ ನಡವಳಿಕೆ, ನಡವಳಿಕೆಯಿಂದ ಅನುಭವ. ಡಿಸೈನರ್ ಕೈಯಲ್ಲಿರುವುದು ನಿಯಮ ಮಾತ್ರ. ಆಟಗಾರನಿಗೆ ಮೊದಲು ತಟ್ಟುವುದು ಅನುಭವ. ಮೊದಲೇ ದಾಳ ಹಿಡಿದು ಇದನ್ನು ಕಂಡುಕೊಂಡವರಿಗೆ ತರಗತಿಯ ಪಾಠ ಬೇಗ ತಲೆಗೆ ಹತ್ತುತ್ತದೆ.

ಆಡಿಸಿ, ಬಾಯಿ ಮುಚ್ಚಿಕೊಂಡು ನೋಡಿ

ನಿಮ್ಮ ಆಟವನ್ನು ಅಷ್ಟಾಗಿ ಪರಿಚಯವಿಲ್ಲದವರ ಕೈಗೆ ಕೊಡಿ. ಸ್ನೇಹಿತರು ಮುಲಾಜಿಗೆ ಹೊಗಳುತ್ತಾರೆ. ನಿಯಮದ ಹಾಳೆಯೊಂದನ್ನು ಇಟ್ಟು ಪಕ್ಕದಲ್ಲಿ ಕೂತುಬಿಡಿ. ಅವರು ಹಾಳೆ ಓದಿಯೂ ತಪ್ಪು ಮಾಡಿದಾಗ ‘ಅದಲ್ಲ, ಹೀಗೆ’ ಎನ್ನಲು ನಾಲಿಗೆ ತುರಿಸುತ್ತದೆ. ತಡೆದುಕೊಳ್ಳಿ. (ನನ್ನ ಪ್ರಕಾರ ಇಡೀ ತಯಾರಿಯಲ್ಲಿ ಇದೇ ಅತಿ ಕಷ್ಟದ್ದು.) ಎಲ್ಲಿ ತಡವರಿಸಿದರು, ಯಾವುದನ್ನು ತಪ್ಪು ತಿಳಿದರು, ಯಾವಾಗ ಬೇಸತ್ತು ಫೋನ್ ಕೈಗೆತ್ತಿಕೊಂಡರು, ಎಲ್ಲವನ್ನೂ ತಾರೀಖು ಸಮೇತ ನೋಟ್‌ಬುಕ್‌ನಲ್ಲಿ ಬರೆದಿಡಿ.

ಇನ್ನು ಎಂಜಿನ್, ಅಂದರೆ ಕಂಪ್ಯೂಟರಿನಲ್ಲಿ ಆಟ ಕಟ್ಟುವ ತಂತ್ರಾಂಶ. ಯೂನಿಟಿ, ಅನ್‌ರಿಯಲ್, ಗೊಡಾಟ್, ಯಾವುದಾದರೂ ಸರಿ. ಗೊಡಾಟ್ ಉಚಿತ, ಮುಕ್ತ ತಂತ್ರಾಂಶ. ಒಂದನ್ನೇ ಹಿಡಿದು ಐದು ನಿಮಿಷದ ಆಟವೊಂದನ್ನು ಪೂರ್ತಿ ಮುಗಿಸಿ. ಮುಗಿಸುವ ರೂಢಿ ಬರಲು 2009ರಲ್ಲಿ ಶುರುವಾದ ಗ್ಲೋಬಲ್ ಗೇಮ್ ಜ್ಯಾಮ್‌ನಂಥ, ಕೆಲವೇ ದಿನಗಳಲ್ಲಿ ಆಟ ಕಟ್ಟಿ ಮುಗಿಸುವ ಕೂಟಗಳು ಒಳ್ಳೆಯ ದಾರಿ.

ಪೋರ್ಟ್‌ಫೋಲಿಯೊ ಮತ್ತು ಉದ್ದೇಶ ಪತ್ರ

ಪೋರ್ಟ್‌ಫೋಲಿಯೊಗೆ, ಅಂದರೆ ನಿಮ್ಮ ಕೆಲಸದ ಸಂಗ್ರಹಕ್ಕೆ, ಎರಡು ಮೂರು ಆಟ ಸಾಕು. ಪ್ರತಿಯೊಂದಕ್ಕೂ ಮೊದಲ ರೂಪ ಏನಿತ್ತು, ಆಡಿಸಿದಾಗ ಏನು ಕೆಟ್ಟಿತು, ಯಾವ ನಿಯಮ ತಿದ್ದಿದಿರಿ ಎಂದು ಬರೆಯಿರಿ. ಗುಂಪಿನ ಕೆಲಸವಾದರೆ ನಿಮ್ಮ ಪಾಲು ಎಷ್ಟೆಂದು ಸ್ಪಷ್ಟವಾಗಿರಲಿ.

ಉದ್ದೇಶ ಪತ್ರದಲ್ಲಿ ‘ಬಾಲ್ಯದಿಂದಲೂ ಆಟವೆಂದರೆ ಪ್ರಾಣ’ ಎಂಬ ಸಾಲು ಬೇಡ. ಅದನ್ನು ಎಲ್ಲರೂ ಬರೆಯುತ್ತಾರೆ. ಅದರ ಬದಲು ನಿಮ್ಮನ್ನು ಕಾಡುವ ಒಂದು ಪ್ರಶ್ನೆ ಇಡಿ. ಗೇಮ್ ಡಿಸೈನರ್ ಜೆನೋವಾ ಚೆನ್ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪ್ರಬಂಧಕ್ಕೆ ಎತ್ತಿಕೊಂಡದ್ದು ಇಂಥದೇ ಒಂದನ್ನು: ಆಟದ ಕಷ್ಟವನ್ನು ಆಟಗಾರನೇ, ಆಡುತ್ತಾಡುತ್ತಲೇ, ತನಗೆ ಬೇಕಾದಷ್ಟಕ್ಕೆ ಹೊಂದಿಸಿಕೊಳ್ಳುವಂತೆ ಮಾಡಬಹುದೇ? ಅದಕ್ಕೆ ಉತ್ತರವಾಗಿ 2006ರಲ್ಲಿ ‘ಫ್ಲೋ’ ಬಂತು. ಅದರಲ್ಲಿ ನೀರಿನ ಜೀವಿಯೊಂದನ್ನು ಆಳಕ್ಕೆ ಇಳಿಸಿದರೆ ಕಷ್ಟ, ಮೇಲಕ್ಕೆ ತಂದರೆ ಸಲೀಸು. ಸುಲಭವೋ ಕಠಿಣವೋ ಎಂದು ಕೇಳುವ ಮೆನು ಇಲ್ಲ. ಅದೇ ಚೆನ್ ತಂಡದ ‘ಜರ್ನಿ’ 2012ರಲ್ಲಿ ಬಿಡುಗಡೆಯಾಯಿತು.

ಸೀಟು ಒಪ್ಪಿಕೊಳ್ಳುವ ಮೊದಲು

ಹಳೆಯ ವಿದ್ಯಾರ್ಥಿಗಳ ಆಟಗಳನ್ನು ಇಳಿಸಿಕೊಂಡು ಆಡಿ. ಆಡಲು ಸಿಗುವಂಥದ್ದು ಒಂದೂ ಇಲ್ಲದಿದ್ದರೆ ಅನುಮಾನಿಸಿ. ಪಾಠ ಮಾಡುವವರು ಆಟ ಬಿಡುಗಡೆ ಮಾಡಿದ ಅನುಭವವುಳ್ಳವರೇ ಎಂದು ನೋಡಿ. ಕೋರ್ಸ್‌ನಲ್ಲಿ ನೀವು ಮಾಡಿದ ಆಟದ ಹಕ್ಕು ಯಾರದು ಎಂಬುದನ್ನಂತೂ ಬರಹದಲ್ಲೇ ಕೇಳಿ. ಕೆಲವೆಡೆ ಅದು ಸಂಸ್ಥೆಗೆ ಹೋಗುತ್ತದೆ, ಮುಂದೆ ಮಾರಲು ಹೊರಟಾಗ ತಗಾದೆ ಏಳುತ್ತದೆ. ಸಾಲ ಮಾಡುವವರು ಇದನ್ನೂ ತಿಳಿದಿರಲಿ: ಓದು ಮುಗಿದ ಕೂಡಲೇ ‘ಗೇಮ್ ಡಿಸೈನರ್’ ಎಂಬ ಹುದ್ದೆ ಸಿಗುವುದು ಅಪರೂಪ. ಲೆವೆಲ್ ಡಿಸೈನ್ (ಆಟದ ಒಂದೊಂದು ಹಂತ ಹೆಣೆಯುವುದು) ಅಥವಾ ಪರೀಕ್ಷಕರ ಕೆಲಸದಿಂದ ಶುರುಮಾಡುವವರು ಬಹಳ.

ಸಂದರ್ಶನದಲ್ಲಿ ಗೊತ್ತಿರುವ ಆಟವೊಂದನ್ನು ಮುಂದಿಟ್ಟು ‘ಒಂದು ನಿಯಮ ಬದಲಿಸಿ’ ಎನ್ನಬಹುದು. ನೋಟ್‌ಬುಕ್ ಜೊತೆಗಿರಲಿ, ಗೀಟು ಎಳೆದು ಹೊಡೆದುಹಾಕಿದ ಪುಟಗಳನ್ನು ಹರಿದು ತೆಗೆಯಬೇಡಿ, ಅವರು ಅವನ್ನೇ ತಿರುವಿ ನೋಡುವುದು.