ಹಿತ್ತಲಿನ ಅಪರಿಚಿತ ತಾಳೆಜಾತಿಯ ಮರವನ್ನು ಗುರುತಿಸುವ ಬಗೆ

ತೆಂಗು, ಅಡಿಕೆ, ಈಚಲುಗಳನ್ನು ಕಂಡೇ ಬೆಳೆದ ಮೈಸೂರು, ಮಂಡ್ಯ ಸೀಮೆಯವರಿಗೂ, ಗರಿಯ ಎಸಳಿನ ತುದಿಯನ್ನು ಇಲಿ ಕಡಿದಂತೆ ಕಾಣುವ ಗಿಡವೊಂದು ಕಾಂಪೌಂಡಿನ ಮೂಲೆಯಲ್ಲಿ ತಾನಾಗಿ ಎದ್ದಾಗ ಅದರ ಹೆಸರು ಥಟ್ಟನೆ ತೋಚುವುದಿಲ್ಲ. ಕುವೆಂಪುನಗರದ ನಮ್ಮ ಹಿತ್ತಲಿನಲ್ಲಿ ಅಂಥದೊಂದು ಹುಟ್ಟಿದಾಗ ಕೇಳಿದವರೆಲ್ಲ ‘ಯಾವುದೋ ಶೋ ಪಾಮ್’ ಎಂದರು. ಮರದ ಒಟ್ಟು ರೂಪವನ್ನು ನೋಡಿ ಹೇಳಿದ ಹೆಸರು ಹೀಗೆಯೇ ಜಾರುತ್ತದೆ. ನೋಡಬೇಕಾದದ್ದು ಗರಿಯ ಕಟ್ಟಡವನ್ನು.

ಬಲಿತ ಗರಿಯೊಂದರ ಎಸಳು ಅದರ ನಡುವಿನ ದಿಂಡಿಗೆ ಕೂಡುವ ಜಾಗದಲ್ಲಿ ಅದರ ಮಡಿಕೆ ಯಾವ ಕಡೆಗಿದೆ ಎಂಬುದನ್ನು ಮೊದಲು ಪರೀಕ್ಷಿಸಿ. ತೆಂಗು ಮತ್ತು ಅಡಿಕೆಯಲ್ಲಿ ಎಸಳು ಮನೆಯ ಸೂರಿನಂತೆ ಕೆಳಕ್ಕೆ ಬಾಗಿರುವುದರಿಂದ ಮೇಲೆ ಬಿದ್ದ ನೀರು ಇಬ್ಬದಿಗೂ ಜಾರುತ್ತದೆ. ಈಚಲು, ಖರ್ಜೂರ, ಬೈನೆಗಳಲ್ಲಿ ಅದು ದೋಣಿಯಂತೆ ಮೇಲಕ್ಕೆ ತೆರೆದಿರುತ್ತದೆ. ದೋಣಿಯಾಕಾರವಿದ್ದು, ದಿಂಡಿನ ಬುಡದ ಎಸಳುಗಳು ಚೂಪಾದ ಮುಳ್ಳುಗಳಾಗಿ ಮಾರ್ಪಟ್ಟಿದ್ದರೆ ಅದು ಈಚಲಿನ ಬಳಗದ್ದು. ಮುಳ್ಳಿಲ್ಲದೆ, ಗರಿಯೇ ಮತ್ತೆ ಕಿರುಗರಿಗಳಾಗಿ ಕವಲೊಡೆದು, ಎಸಳುಗಳು ಮೀನಿನ ಬಾಲದಂತೆ ಹರಿದಿದ್ದರೆ ಅದು ಬೈನೆಯ ಕುಲದ್ದು, ಏಕೆಂದರೆ ತಾಳೆ ಕುಟುಂಬದಲ್ಲಿ ಎರಡು ಸಲ ಕವಲೊಡೆಯುವ ಗರಿ ಈ ಕುಲಕ್ಕೆ ಮಾತ್ರ ಇದೆ. ಒಂಟಿ ಕಾಂಡವಿದ್ದರೆ ಬಹುತೇಕ ನಮ್ಮ ಕಾಡಿನ ಬೈನೆ, ಅಂದರೆ ಬಗನಿ. ಬುಡದಿಂದ ಮರಿಗಳೆದ್ದು ಪೊದೆಯಾಗಿದ್ದರೆ ಅಲಂಕಾರಕ್ಕೆ ತಂದ ಅದರ ಬಂಧು. ನಮ್ಮ ಹಿತ್ತಲಿನದು ಒಂಟಿ ಕಾಂಡದ್ದು. ಯಾರೂ ನೆಡದ ಗಿಡ ಬಂದದ್ದು ಹೇಗೆಂದು ಮನೆಯಲ್ಲಿ ಚರ್ಚೆ ನಡೆಯಿತು. ಬೈನೆಯ ಹಣ್ಣು ತಿಂದು ಬೀಜವನ್ನು ಬೇರೆಡೆ ಹಾಕುವ ಕಾಡುಬೆಕ್ಕಿನ ಮೇಲೆ ನನ್ನ ಗುಮಾನಿ.

ಮಡಿಕೆ ಸೂರಿನಂತಿದ್ದರೆ ಕಾಂಡದ ತುದಿಯನ್ನು ಗಮನಿಸಿ. ಅಡಿಕೆಯಂತೆ ಹಾಳೆಗಳು ಸುತ್ತಿಕೊಂಡ ನುಣುಪಾದ ಹಸಿರು ಕೊಳವೆಯಿದ್ದು, ಕೆಳಗಿನ ಕಾಂಡ ಸಿಮೆಂಟಿನ ಕಂಬದಂತೆ ಬೂದುಬಣ್ಣವಾಗಿ ನಡುವೆ ಉಬ್ಬಿದ್ದರೆ ಅದು ರಾಯಲ್ ಪಾಮ್. ಎಸಳುಗಳು ದಿಂಡಿನ ಸುತ್ತಲೂ ಹರಡಿ ನರಿಬಾಲದಂತೆ ಕಂಡರೆ ಆಸ್ಟ್ರೇಲಿಯಾದ ಫಾಕ್ಸ್‌ಟೇಲ್. ನರ್ಸರಿಗಳಲ್ಲಿ ‘ಅರೆಕಾ ಪಾಮ್’ ಎಂದು ಮಾರುವ ಹಳದಿ ದಿಂಡಿನ ಗುಂಪುಗಿಡವಾದರೋ ಮಡಗಾಸ್ಕರಿನದು, ಅಡಿಕೆಯಲ್ಲ.

ಬೀಸಣಿಗೆಯಂಥ ಗರಿಯಿದ್ದು ತೊಟ್ಟಿನ ಅಂಚು ಗರಗಸದಂತೆ ಕಪ್ಪಾಗಿದ್ದರೆ ತಾಳೆ ಇರಬಹುದು. ಶ್ರೀತಾಳೆಯ ಗರಿ ಅದಕ್ಕಿಂತ ಬಹಳ ದೊಡ್ಡದು. ನೋಡಲು ತಾಳೆಯಂತಿದ್ದರೂ ಸೈಕಾಸ್ ಮತ್ತು ಟ್ರಾವೆಲರ್ಸ್ ಪಾಮ್ ಎಂಬ ಅಲಂಕಾರದ ಗಿಡಗಳೆರಡೂ ತಾಳೆ ಕುಟುಂಬಕ್ಕೆ ಸೇರಿಯೇ ಇಲ್ಲ. ನಾಯಿ ಸಾಕಿರುವವರು ವಿಷಕಾರಿಯಾದ ಸೈಕಾಸ್ ಬೀಜದ ಬಗ್ಗೆ ಎಚ್ಚರದಿಂದಿರಬೇಕು.

ಇಷ್ಟಾದರೂ ಅನುಮಾನ ಉಳಿದರೆ, ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿ ಇಡೀ ಮರದ ಚಿತ್ರವನ್ನೂ, ಗರಿಯ ಬುಡ, ಎಸಳಿನ ಮಡಿಕೆ ಮತ್ತು ಹೊಂಬಾಳೆ ಹೊರಡುವ ಜಾಗದ ಚಿತ್ರಗಳನ್ನೂ ತೆಗೆದು, ಉದುರಿದ ಕಾಯಿಯೊಂದರೊಡನೆ ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯ ಸಸ್ಯಶಾಸ್ತ್ರ ವಿಭಾಗಕ್ಕೋ ಮಂಡ್ಯದ ವಿ.ಸಿ. ಫಾರಂನ ಕೃಷಿ ಕಾಲೇಜಿಗೋ ಒಯ್ದು ತೋರಿಸಿ. ಅಡಿಕೆಯನ್ನು ಕತ್ತರಿಸಿದಾಗ ಕಾಣುವಂಥ ಕಂದು ಗೆರೆಗಳು ಬೀಜದೊಳಗಿವೆಯೇ ಎಂಬುದೂ ತಜ್ಞರಿಗೆ ಉಪಯುಕ್ತ ಸುಳಿವು. ಬೈನೆಯ ಹಣ್ಣನ್ನು ಮಾತ್ರ ಬರಿಗೈಯಲ್ಲಿ ಹಿಸುಕಬೇಡಿ. ತಿರುಳಿನಲ್ಲಿರುವ ಆಕ್ಸಲೇಟ್ ಹರಳುಗಳು ಚರ್ಮವನ್ನು ಚುಚ್ಚಿ ವಿಪರೀತ ತುರಿಕೆ ತರುತ್ತವೆ. ಬೈನೆ ಹೂಬಿಡಲು ಶುರುವಿಟ್ಟರೆ ಮೊದಲ ಗೊನೆ ತುದಿಯಲ್ಲಿ, ಮುಂದಿನವು ಒಂದೊಂದಾಗಿ ಕೆಳಗೆ ಬರುತ್ತವೆ. ಕೊನೆಯ ಗೊನೆಯ ಹಣ್ಣು ಮಾಗಿದ ಮೇಲೆ ಮರ ಒಣಗುವುದರಿಂದ, ಮನೆಯ ಮೇಲೆ ಉರುಳದ ಹಾಗೆ ಕಡಿಸಲು ಆಗಲೇ ಆಳು ಗೊತ್ತುಮಾಡಿಕೊಳ್ಳಿ.