ಸೈಕಲ್ ಹಾರಿಸಾಕ ಮಣ್ಣಿನ ಜಂಪ್ ಕಟ್ಟೋದು ಹೆಂಗ?

ಪುಣೆದಾಗ ಈಗ ಖಾಲಿ ಜಾಗ ಕಂಡಲ್ಲೆಲ್ಲ ಹುಡುಗ್ರು ಸಲಿಕಿ ಹಿಡಕೊಂಡು ಸೈಕಲ್ ಜಂಪ್ ಕಟ್ಟಾಕ ನಿಂತಾರ, ಹುರುಪು ಛಲೋ ಐತಿ, ಆದ್ರ ಕಟ್ಟೋ ರೀತಿ ಮಾತ್ರ ಎಲ್ಲಾರದೂ ಒಂದ ನಮೂನಿ. ಮಣ್ಣು ಗುಂಪಿ ಹಾಕೋದು, ಸಲಿಕಿ ಬೆನ್ನಿಲೆ ಪಟಪಟ ಬಡಿಯೋದು, ಮರುದಿನ ಹಾರೋದು. ನಾಕು ಸಲ ಹಾರೂದ್ರಾಗ ತುದಿ ಕುಸೀತೈತಿ, ಐದನೇದವ ಹ್ಯಾಂಡಲ್ ಮ್ಯಾಲಿಂದ ಬೀಳ್ತಾನ, ಆಮ್ಯಾಲೆ ಎಲ್ಲಾರೂ ಆ ಹುಡುಗಗ ಬೈತಾರ. ತಪ್ಪು ಅವಂದಲ್ರಿ, ಜಂಪ್ ಕಟ್ಟಿದವರದು.

ಮೊದಲ ಜಾಗ. ಊರಾಗಿನ ವೇತಾಳ ಟೇಕಡಿ, ಬಾಣೇರ್-ಪಾಷಾಣ ಟೇಕಡಿ (ಟೇಕಡಿ ಅಂದ್ರ ಗುಡ್ಡ) ಕಡೆ ಗುದ್ದಲಿ ಒಯ್ಯಲೇಬ್ಯಾಡ್ರಿ, ಕಾಯ್ದಿಟ್ಟ ಅರಣ್ಯದಾಗ ನೆಲ ಅಗಿಯೋದು 1927ರ ಭಾರತೀಯ ಅರಣ್ಯ ಕಾಯ್ದೆ ಪ್ರಕಾರ ಅಪರಾಧ. ಗೊತ್ತಿದ್ದವರ ಹೊಲ, ಇಲ್ಲಾ ಸೊಸೈಟಿ ಪ್ಲಾಟ್, ಮಾಲೀಕರ ಒಪ್ಪಿಗಿ ಬರವಣಿಗಿಯೊಳಗ ತಗೋರಿ.

ಕೆಲಸ ಅಕ್ಟೋಬರ್‌ದಾಗ ಚಾಲೂ ಮಾಡ್ರಿ, ಮಳಿ ಹೆಚ್ಚುಕಡಿಮಿ ಹೋಗಿರತೈತಿ, ನೆಲದಾಗ ಹಸಿ ಇನ್ನೂ ಇರತೈತಿ.

ಮಣ್ಣಿಂದು ಹೇಳಬೇಕಂದ್ರ, ಬರೇ ಕರಿಮಣ್ಣಿಲೆ ಕಟ್ಟಿದ್ರ ಮಳ್ಯಾಗ ಉಬ್ಬತೈತಿ, ಬಿಸಲಾಗ ಬಿರೀತೈತಿ. ಬರೇ ಗರಸು ಹಾಕಿದ್ರ ಹಿಡಕೊಳ್ಳಂಗಿಲ್ಲ. ಚಾಳಣಿ ಹಿಡಿದ ಗರಸು ಮೂರು ಬುಟ್ಟಿ, ಕರಿಮಣ್ಣು ಒಂದು ಬುಟ್ಟಿ, ನಂದು ಇದ ಲೆಕ್ಕ, ಬದಲಿ ಮಾಡಂಗಿಲ್ಲ. ಹೊಸಬರಿಗೆ ಎರಡೂವರಿ ಅಡಿ ಎತ್ತರದ, ಮ್ಯಾಲ ಆರಡಿ ಸಪಾಟ ಇರೋ ಟೇಬಲ್‌ಟಾಪ್ ಸಾಕು, ನಡುವ ಗ್ಯಾಪ್ ಬಿಡಬ್ಯಾಡ್ರಿ. ಹತ್ತಿ ಹಾರೋ ಕಮಾನಿನ ಏರಿಗೆ ಲಿಪ್ ಅಂತಾರ, ಆಚಿ ಕಡೆ ಇಳಿಯೋ ಇಳಿಜಾರಿಗೆ ಲ್ಯಾಂಡಿಂಗ್. ಇಂಥಾ ಒಂದು ಜಂಪಿಗೆ ಹತ್ರಹತ್ರ ಮೂರು ಬ್ರಾಸ್ (ಒಂದು ಬ್ರಾಸ್ ಅಂದ್ರ 100 ಘನ ಅಡಿ) ಮಣ್ಣು ಬೇಕಾಗತೈತಿ, ಯಾಕಂದ್ರ ದಮ್ಮಸ ಹೊಡದ ಮ್ಯಾಲ ಸಡಿಲ ಮಣ್ಣು ಭಾಳ ಇಳೀತೈತಿ. ಖರ್ಚು ಉಳಸಾಕ ಒಳಗ ರಾಡಾರೋಡಾ (ಕಟ್ಟಡ ಒಡದ ಕಸ), ಹಳೇ ಟೈರು, ಕಟಗಿ ತುಂಬತಾರ. ಕಟಗಿ ಕೊಳೀತೈತಿ, ಟೈರ್ ಪುಟೀತೈತಿ, ಎರಡೂ ಬ್ಯಾಡ. ಒಡದ ಇಟ್ಟಂಗಿ ಚೂರು ಲ್ಯಾಂಡಿಂಗ್ ಹೊಟ್ಟ್ಯಾಗ ನಡೀತೈತಿ, ಮ್ಯಾಲ ಒಂದಡಿ ಮಣ್ಣು ಇರಬೇಕು. ಲಿಪ್ ಒಳಗ ಮಾತ್ರ ಬರೇ ಮಣ್ಣು.

ಲ್ಯಾಂಡಿಂಗ್ ಮೊದಲ ಕಟ್ರಿ. ಒಂದಡಿ ಇಳಿಯಾಕ ಎರಡಡಿ ಮುಂದ, ಆ ಇಳಿಜಾರು. ಲಿಪ್ ನಾಕಡಿ ಅಗಲ ಇದ್ರ ಲ್ಯಾಂಡಿಂಗ್ ಆರಡಿ ಇರಲಿ, ಗಾಳ್ಯಾಗ ಸೈಕಲ್ ವಾಲಿದ್ರೂ ಇಳಿಯಾಕ ಜಾಗ ಸಿಗತೈತಿ.

ಈಗ ಲಿಪ್. ಅವಸರ ಮಾಡೋರು ಇಲ್ಲೇ ಕೆಡಿಸ್ತಾರ. ಮಣ್ಣು ಆರಾರು ಇಂಚಿನ ಥರ ಹಾಕ್ಕೋತ ಪ್ರತಿ ಥರಕ್ಕೂ ದಮ್ಮಸ ಹೊಡೀಬೇಕು, ಕೂಲಿ ಕೆಲಸಕ್ಕ ನಾಕಾದಾಗ (ರಸ್ತೆ ಕೂಡೋ ಚೌಕದಾಗ) ನಿಂತಿರೋ ನಮ್ಮ ವಿಜಯಪುರ, ಕಲಬುರಗಿ ಕಡೆ ಗೌಂಡಿಗಳನ್ನ ಕೇಳ್ರಿ, ನೆಲ ಹೆಂಗ ಕೂಡಸಬೇಕಂತ ಅವರಿಗೆ ಕೈಯಾಗ ಐತಿ. ಹಸಿ ಎಷ್ಟಿರಬೇಕಂದ್ರ, ಮುಷ್ಟ್ಯಾಗ ಹಿಚುಕಿದ್ರ ಮಣ್ಣು ಉಂಡಿ ಆಗಬೇಕು, ಎದಿ ಎತ್ತರದಿಂದ ಬಿಟ್ರ ಎರಡು ಮೂರು ತುಂಡಾಗಬೇಕು. ಪುಡಿ ಆದ್ರ ನೀರು ಕಡಿಮಿ, ನೆಲಕ್ಕ ಮೆತ್ತಿದ್ರ ನೀರು ಹೆಚ್ಚು.

ಕಮಾನು ಕಣ್ಣಳತೀಲೆ ತರಾಕ ಹೋಗಬ್ಯಾಡ್ರಿ. ಪ್ಲೈ ಹಲಗಿ ನೆಲಕ್ಕ ಹಾಸಿ, ದೂರ ನೆಲದಾಗ ಮೊಳಿ ಹೊಡದು, ಅದಕ್ಕ 12 ಅಡಿ ದಾರ ಕಟ್ಟಿ, ಪೆನ್ಸಿಲ್‌ಲೆ ಕಮಾನು ಎಳದು ಕೊರೀರಿ, ಮೊಳಿ ಕಡೀಗಿನ ತುಂಡು ಇಟ್ಕೋರಿ. ನಾಕಡಿ ತುಂಡಿನ ನಡುವ ಉಬ್ಬು ಎರಡು ಇಂಚು ಬಂದಿದ್ರ ಬರೋಬರಿ ಐತಿ. ಈ ಅಳತಿಗೆ ಲಿಪ್ ನೆಲದ ಮ್ಯಾಲ ಏಳಡಿ ಚಿಲ್ಲರೆ ಉದ್ದ ಆಗತೈತಿ, ತುದ್ಯಾಗ ಕೋನ 38 ಡಿಗ್ರಿ ಆಸುಪಾಸು. ತ್ರಿಜ್ಯ, ಅಂದ್ರ ದಾರದ ಉದ್ದ, 10 ಅಡಿಗೆ ಇಳಿಸಿ ಎತ್ತರ ಮೂರಡಿ ಮಾಡಿದ್ರ ಕೋನ 45 ದಾಟತೈತಿ, ಕಲಿಯೋರಿಗೆ ಅದು ಬ್ಯಾಡ.

ಲಿಪ್ ಬೇಕಾದದ್ದಕ್ಕಿಂತ ಆರಿಂಚು ದಪ್ಪ ಕಟ್ಟಿ, ಒಂದು ರಾತ್ರಿ ಬಿಟ್ಟು, ಚೂಪಾದ ಸಪಾಟ ಸಲಿಕೀಲೆ ಮ್ಯಾಲಿಂದ ಕೆಳಗ ತೆಳ್ಳಗ ಕೆತ್ಕೋತ ಬರ್ರಿ, ಗೇಣಿಗೊಮ್ಮೆ ಪ್ಲೈ ಹಚ್ಚಿ ನೋಡ್ರಿ, ಬೆಳಕು ತೂರಿದ್ರ ಅಲ್ಲಿ ತಗ್ಗು ಐತಂತ ತಿಳೀರಿ. ತಗ್ಗು ಬಿದ್ದಲ್ಲಿ ಹಸಿ ಮಣ್ಣು ಮೆತ್ತಿದ್ರ ಚಕ್ಕಿ ಆಗಿ ಎದ್ದು ಬೀಳತೈತಿ, ಇಡೀ ಮುಖಾನ ಒಂದಿಂಚು ಹಿಂದ ಕೆತ್ತೋದ ಸೈ. ಕಡೀ ಒಂದಡಿ ಮ್ಯಾಲ ಜೀವ ಇಡ್ರಿ. ಅಲ್ಲಿ ಕಮಾನು ಏಕಾಏಕಿ ಕಡಿದಾದ್ರ ಹಿಂದಿನ ಚಕ್ರ ಒದ್ದು ಸೈಕಲ್ ಮೂತಿ ಕೆಳಗ ಮಾಡತೈತಿ, ತುದಿ ಸವದು ಗುಂಡಗಾದ್ರೂ ಅದ ಗತಿ. ಸಿಮೆಂಟ್ ಸಾರಣಿ ಮಾಡೋರು ಅದಾರ, ದಯವಿಟ್ಟು ಮಾಡಬ್ಯಾಡ್ರಿ, ಒಳಗಿನ ಮಣ್ಣು ಕುಂತ ಮ್ಯಾಲ ಸಿಮೆಂಟ್ ಪದರು ಪೊಳ್ಳಾಗಿ ಒಡೀತೈತಿ, ಬಿದ್ರ ಚರ್ಮ ಉಳಿಯಂಗಿಲ್ಲ.

ಆರಡಿ ದಾಟಾಕ ಲಿಪ್ ಬುಡದಾಗ ಗಂಟೆಗೆ 20-22 ಕಿ.ಮೀ ವೇಗ ಸಾಕು. ಮೊದಲ ಅನುಭವ ಇದ್ದವರು ಹಾರಿ ನೋಡಲಿ, ಹೆಲ್ಮೆಟ್ ಪೂರ್ತಿ ಮುಖ ಮುಚ್ಚೋದ ಇರಲಿ. ಅಂಗಡ್ಯಾಗ ಎಂಟಿಬಿ (ಮೌಂಟನ್ ಬೈಕ್, ಗುಡ್ಡದ ಸೈಕಲ್) ಅಂತ ಮಾರೋ ಅಗ್ಗದ ದಪ್ಪ ಟೈರಿನ ಸೈಕಲ್ ತರಬ್ಯಾಡ್ರಿ, ಮುಂದಿನ ಚಕ್ರ ಹಿಡಿಯೋ ಅದರ ಫೋರ್ಕ್ ಇಂಥಾ ಹೊಡತಕ್ಕ ಮಾಡಿದ್ದಲ್ಲ.

ಜಂಪ್ ಕಟ್ಟಿದ ಮ್ಯಾಲ ಅದರ ದೊಡ್ಡ ವೈರಿ ನೀರು. ಲಿಪ್ ಬುಡದಾಗ ನೀರು ನಿಂದ್ರತೈತಿ, ಅಲ್ಲಿಂದ ಬಾಜೂಕ ಕಾಲುವಿ ತಗೀರಿ, ಟೇಬಲ್ ನಡುವ ಚೂರು ಉಬ್ಬಾಗಿ ಬಿಡ್ರಿ. ಎರಡೂ ಬದಿ ಇಳಿಜಾರಿಗೆ ಕರಕಿ ಹಚ್ರಿ, ಬೇರು ಮಣ್ಣು ಹಿಡೀತೈತಿ. ಜೂನ್‌ದಿಂದ ಸೆಪ್ಟೆಂಬರ್‌ತನಕ ದಪ್ಪ ತಾಡಪತ್ರಿ ಹೊದಸ್ರಿ, ತೆಳ್ಳನ ನೀಲಿ ಪ್ಲಾಸ್ಟಿಕ್ ಬಿಸಲಿಗೆ ಚಿಂದಿ ಆಗತೈತಿ, ಅದಕ್ಕ ರೊಕ್ಕ ಹಾಕಬ್ಯಾಡ್ರಿ. ಹೆಬ್ಬಟ್ಟು ಒತ್ತಿದ್ರ ಗುರ್ತು ಬೀಳೋ ದಿನ ಯಾರೂ ಹಾರಬಾರದು, ಎಷ್ಟು ಗೋಗರದ್ರೂ. ಬ್ಯಾಸಿಗ್ಯಾಗ ಹಾರೋ ಹಿಂದಿನ ಸಂಜಿ ನೀರು ಚಿಮುಕಿಸಿ, ಮುಂಜಾನಿ ಕಸಬರಿಗೀಲೆ ಸಡಿಲ ಮಣ್ಣು ಗುಡಸಿ ತಗೀರಿ. ಬಿರುಕು ಬಿಟ್ಟಲ್ಲಿ ಬರೇ ಮ್ಯಾಲ ಮಣ್ಣು ಸವರಿದ್ರ ನಿಲ್ಲಂಗಿಲ್ಲ, ಹಳೇ ಮುಖ ಪಿಕಾಸೀಲೆ ಎರಡು ಇಂಚು ಕೆದರಿ, ನೀರು ಕುಡಿಸಿ, ಅದ ಹದದ ಮಣ್ಣು ತುಂಬಿ ದಮ್ಮಸ ಹೊಡದು, ಮತ್ತ ಪ್ಲೈ ಹಚ್ಚಿ ನೋಡ್ರಿ.